ಸ್ಕೆಲ್ಲಿಗ್ ದೋಣಿಯಾನ: ಇಳಿಯುವ ಟಿಕೆಟ್ಟೋ, ಸುತ್ತುವ ಟಿಕೆಟ್ಟೋ?

ಹಕ್ಕಿಗಾಗಿಯೇ ಹೋಗುವವರಾದರೆ ಬಂಡೆಗಳನ್ನು ಸುತ್ತಿಸಿ ತರುವ ಇಕೋ ಟೂರ್ ತೆಗೆದುಕೊಳ್ಳಿ. ಮೆಟ್ಟಿಲು ಹತ್ತಬೇಕು, ಮಠ ನೋಡಬೇಕು, ಪಫಿನ್ ಹಕ್ಕಿಯನ್ನು ಮಾರು ದೂರದಿಂದ ಕಾಣಬೇಕು ಎಂಬ ಆಸೆ ಇದ್ದರೆ ಮಾತ್ರ ಬಂಡೆಯ ಮೇಲೆ ಇಳಿಸುವ ಲ್ಯಾಂಡಿಂಗ್ ಟೂರ್. ಯಾವುದಾದರೂ ಸರಿ, ಕೈಯಲ್ಲಿ ಮೂರು ದಿನ ಬಿಡುವಿಟ್ಟುಕೊಂಡು ಹೋಗಿ. ಐರ್ಲೆಂಡಿನ ಸ್ಕೆಲ್ಲಿಗ್ ದೋಣಿಗಳ ಬಗ್ಗೆ ಯಾರು ಕೇಳಿದರೂ ನಮ್ಮ ಉತ್ತರ ಇಷ್ಟೇ. ಆದರೆ ಇಷ್ಟನ್ನೇ ಕೇಳಿಕೊಂಡು ಹೋದವರು ದೋಣಿ ಹೊರಡುವ ಪೋರ್ಟ್‌ಮ್ಯಾಗಿಯ ಕಟ್ಟೆಯ ಮೇಲೆ ಮುಖ ಸಪ್ಪಗೆ ಮಾಡಿಕೊಂಡು ನಿಲ್ಲುವುದು ಪ್ರತಿ ಬೇಸಿಗೆಯೂ ನಡೆಯುತ್ತದೆ. ಹಾಗಾಗಿ ವಿವರ ಬೇಕು.

ಕೆರ್ರಿ ಕೌಂಟಿಯ ತುದಿಯಿಂದ ಪಶ್ಚಿಮಕ್ಕೆ ಸುಮಾರು 12 ಕಿ.ಮೀ. ದೂರದಲ್ಲಿ ಅಟ್ಲಾಂಟಿಕ್ ಒಡೆದುಕೊಂಡು ಮೇಲೆದ್ದಂತಿರುವ ಎರಡು ಬಂಡೆಗಳಿವು. ದೊಡ್ಡದು ಸ್ಕೆಲ್ಲಿಗ್ ಮೈಕಲ್, 218 ಮೀಟರ್ ಎತ್ತರ. ಚಿಕ್ಕದು ಲಿಟ್ಲ್ ಸ್ಕೆಲ್ಲಿಗ್, 134 ಮೀಟರ್. ದೊಡ್ಡ ಬಂಡೆಗೆ 6ರಿಂದ 8ನೇ ಶತಮಾನದ ನಡುವೆ ಯಾವಾಗಲೋ ಕ್ರೈಸ್ತ ಸನ್ಯಾಸಿಗಳು ಬಂದರು. ಗಾರೆಯಿಲ್ಲದೆ ಬರೀ ಕಲ್ಲಿನ ಮೇಲೆ ಕಲ್ಲು ಪೇರಿಸಿ ಜೇನುಗೂಡಿನಾಕಾರದ ಗುಡಿಸಲುಗಳ ಮಠ ಕಟ್ಟಿಕೊಂಡು ಕೆಲವು ಶತಮಾನ ಇದ್ದು, ಕೊನೆಗೆ ದಡಕ್ಕೆ ಮರಳಿದರು. 1987ರಲ್ಲಿ ದೀಪಸ್ತಂಭ ತನ್ನಷ್ಟಕ್ಕೆ ಉರಿಯುವಂತಾದ ಮೇಲೆ ಅದರ ಕಾವಲುಗಾರರೂ ಹೊರಟರು. ಈಗ ಬೇಸಿಗೆಯಲ್ಲಿ ಸರ್ಕಾರದ ಗೈಡ್‌ಗಳು ಸರದಿಯ ಮೇಲೆ ಉಳಿದುಕೊಳ್ಳುವುದನ್ನು ಬಿಟ್ಟರೆ ಅಲ್ಲಿ ಮನುಷ್ಯರಿಲ್ಲ. 1996ರಿಂದ ಅದು ಯುನೆಸ್ಕೊ ಪಟ್ಟಿಯಲ್ಲಿದೆ. ಚಿಕ್ಕ ಬಂಡೆಯ ಮೇಲೆ ಯಾರೂ ಇಳಿಯುವಂತಿಲ್ಲ. ಅದು ಪೂರ್ತಿ ಹಕ್ಕಿಗಳದ್ದು.

ದೋಣಿಯವರು ಮಾರುವುದು ಎರಡು ಬಗೆಯ ಟಿಕೆಟ್. ಲ್ಯಾಂಡಿಂಗ್ ಟೂರ್ ಎಂದರೆ ಸ್ಕೆಲ್ಲಿಗ್ ಮೈಕಲ್ ಮೇಲೆ ಇಳಿಸಿ, ಸುಮಾರು ಎರಡೂವರೆ ತಾಸು ಬಿಟ್ಟು, ಮತ್ತೆ ಹತ್ತಿಸಿಕೊಂಡು ಬರುವುದು. ಇಕೋ ಟೂರ್ ಎಂದರೆ ಎರಡೂ ಬಂಡೆಗಳನ್ನು ಸುತ್ತು ಹಾಕಿಸಿ, ಎಲ್ಲೂ ಇಳಿಸದೆ ವಾಪಸ್ ಕರೆತರುವುದು. ಒಟ್ಟು ಎರಡೂವರೆ ತಾಸಿನ ಆಸುಪಾಸು. ಇಳಿಯುವುದಕ್ಕೆ ತಲೆಗೆ 100 ಯೂರೋ ದಾಟಿ ವರ್ಷಗಳಾದವು, ಇನ್ನೂ ಏರುತ್ತಲೇ ಇದೆ. ಸುತ್ತುವುದು ಹೆಚ್ಚುಕಡಿಮೆ ಅದರ ಅರ್ಧ. ಇಳಿಸುವ ಪರವಾನಗಿ ಇರುವುದು 15 ದೋಣಿಗೆ, ಒಂದೊಂದರಲ್ಲಿ 12 ಜನ. ಅಂದರೆ ದಿನಕ್ಕೆ 180 ಸೀಟು, ಅದೂ ಮೇ ಮಧ್ಯದಿಂದ ಸೆಪ್ಟೆಂಬರ್ ಕೊನೆಯವರೆಗೆ, ಅದೂ ಕಡಲು ಬಿಟ್ಟ ದಿನ ಮಾತ್ರ. 2014, 2015ರಲ್ಲಿ ಹಾಲಿವುಡ್ ಸಿನಿಮಾ ಸರಣಿಯೊಂದರ ಚಿತ್ರೀಕರಣ ಇಲ್ಲಿ ನಡೆದ ಮೇಲಂತೂ ಈ 180ಕ್ಕೆ ನೂಕುನುಗ್ಗಲು. ಜೂನ್, ಜುಲೈ ಸೀಟುಗಳು ತಿಂಗಳುಗಟ್ಟಲೆ ಮೊದಲೇ ಖಾಲಿಯಾಗುತ್ತವೆ. ಇಕೋ ಟೂರ್‌ಗೆ ಇಷ್ಟು ಪೈಪೋಟಿ ಇಲ್ಲ. ಎರಡು ದಿನ ಮುಂಚೆ ಕೇಳಿದರೂ ಎಷ್ಟೋ ಸಲ ಸಿಗುತ್ತದೆ.

ಅರ್ಧ ದುಡ್ಡಿಗೆ ಅರ್ಧ ಅನುಭವ ಎಂದು ಭಾವಿಸುವವರು ಲಿಟ್ಲ್ ಸ್ಕೆಲ್ಲಿಗ್ ನೋಡಿಲ್ಲ. ದೂರದಿಂದ ನೋಡಿದರೆ ಬಂಡೆಯ ಮೇಲರ್ಧಕ್ಕೆ ಯಾರೋ ಸುಣ್ಣ ಬಳಿದ ಹಾಗೆ ಕಾಣುತ್ತದೆ. ಹತ್ತಿರ ಹೋದಂತೆ ಆ ಸುಣ್ಣ ಅಲುಗಾಡತೊಡಗುತ್ತದೆ. ಅರ್ಧ ಬಿಳಿ ಹಿಕ್ಕೆಯದ್ದು, ಉಳಿದರ್ಧ ಹಕ್ಕಿಗಳದ್ದೇ: ಸುಮಾರು 35,000 ಜೋಡಿ ಗ್ಯಾನೆಟ್‌ಗಳು. ಜಗತ್ತಿನ ದೊಡ್ಡ ಗ್ಯಾನೆಟ್ ನೆಲೆಗಳಲ್ಲಿ ಇದೊಂದು, ಐರ್ಲೆಂಡಿನಲ್ಲಂತೂ ಇದೇ ದೊಡ್ಡದು. ಗಾಳಿಯ ದಿಕ್ಕಿನಲ್ಲಿ ದೋಣಿ ಬಂದಾಗ ಮೊದಲು ವಾಸನೆ ಮುಟ್ಟುತ್ತದೆ. ಮಲ್ಪೆಯ ಒಣಮೀನಿನ ಕಣದ ಪಕ್ಕ ನಡೆದವರಿಗೆ ಅದೇನು ಹೊಸದಲ್ಲ, ಅದಕ್ಕೆ ಸ್ವಲ್ಪ ಅಮೋನಿಯ ಸೇರಿಸಿಕೊಳ್ಳಿ. ಆಮೇಲೆ ಸದ್ದು. ಸಾವಿರಾರು ಗಂಟಲು ಒಟ್ಟಿಗೆ ಗರಗರ ಎನ್ನುವಾಗ ಪಕ್ಕದವರ ಜೊತೆ ಮಾತಾಡಲು ದನಿ ಎತ್ತಬೇಕಾಗುತ್ತದೆ.

ಗ್ಯಾನೆಟ್, ಮಳೆಗಾಲದ ಬಿರುಗಾಳಿಗೆ ಸಿಕ್ಕಿ ಒಮ್ಮೊಮ್ಮೆ ನಮ್ಮ ಕರಾವಳಿಗೆ ಬಂದು ಬೀಳುವ ಬೂಬಿ ಹಕ್ಕಿಯ ದಾಯಾದಿ. ರೆಕ್ಕೆ ಬಿಚ್ಚಿದರೆ ಸುಮಾರು 1.8 ಮೀಟರ್, ತೂಕ 3 ಕಿಲೋ. ಬಿಳಿ ಮೈ, ರೆಕ್ಕೆತುದಿ ಮಸಿಯಲ್ಲಿ ಅದ್ದಿದಂತೆ ಕಪ್ಪು, ತಲೆಗೆ ತೆಳು ಅರಿಸಿನ ಬಣ್ಣ, ಕಣ್ಣ ಸುತ್ತ ನೀಲಿ ಉಂಗುರ. ಮೈಯೆಲ್ಲ ಕಂದು ಇದ್ದರೆ ಅದು ಮೊದಲ ವರ್ಷದ್ದು. ಬಿಳಿ ಕಪ್ಪು ಚೌಕಳಿ ಇದ್ದರೆ ಎರಡು ಮೂರು ವರ್ಷದ್ದು. ಪೂರ್ತಿ ಬಿಳುಪಾಗಲು ಐದು ವರ್ಷ ಬೇಕು. ದೋಣಿಯ ಮೇಲೆ ಹಾರುವ ಹಕ್ಕಿಗಳ ವಯಸ್ಸು ಲೆಕ್ಕ ಹಾಕುತ್ತ ಕೂತರೆ ಮಕ್ಕಳಿಗೂ ಹೊತ್ತು ಹೋಗುವುದು ಗೊತ್ತಾಗುವುದಿಲ್ಲ.

ದುರ್ಬೀನನ್ನು ಒಂದೇ ಗೂಡಿನ ಮೇಲೆ ಎರಡು ನಿಮಿಷ ನಿಲ್ಲಿಸಿ ನೋಡಿ. ಗೂಡಿಗೂ ಗೂಡಿಗೂ ನಡುವೆ ಇರುವ ಅಂತರ ಎಂದರೆ ಒಂದು ಹಕ್ಕಿಯ ಕೊಕ್ಕು ಇನ್ನೊಂದಕ್ಕೆ ನಿಲುಕದಷ್ಟು. ಹಾಗಾಗಿ ಬಂಡೆಯ ಮೇಲೆ ಅಳತೆಪಟ್ಟಿ ಇಟ್ಟಂತೆ ಸಾಲು ಸಾಲು. ಹಾರಿ ಹೊರಡಬೇಕಾದ ಹಕ್ಕಿ ಕತ್ತು ಚಾಚಿ ಕೊಕ್ಕನ್ನು ಆಕಾಶಕ್ಕೆ ನೆಟ್ಟಗೆ ಮಾಡಿ ನಿಲ್ಲುತ್ತದೆ. 'ನಾ ಹೊರಟೆ, ಗೂಡು ನೀ ನೋಡಿಕೋ' ಎಂದು ಜೊತೆಗಾರನಿಗೆ ಹೇಳುವ ರೀತಿ ಅದು. ಬಂದ ಹಕ್ಕಿ ಮತ್ತು ಕೂತ ಹಕ್ಕಿ ಎದುರುಬದುರು ನಿಂತು ಕೊಕ್ಕಿಗೆ ಕೊಕ್ಕು ತಾಗಿಸಿ ಕತ್ತಿವರಸೆ ಆಡುತ್ತವೆ. ಇರುವುದು ಒಂದೇ ಮೊಟ್ಟೆ. ಅದನ್ನು ಎದೆಯ ಕೆಳಗಲ್ಲ, ಜಾಲಪಾದಗಳ ಕೆಳಗಿಟ್ಟು ಆರು ವಾರ ಕಾವು ಕೊಡುತ್ತವೆ. ಗೂಡಿನಲ್ಲಿ ಕಡಲಪಾಚಿಯ ನಡುವೆ ನೀಲಿ, ಹಸಿರು, ಕೇಸರಿ ಎಳೆಗಳು ಕಂಡರೆ ಅವು ಹೂವಲ್ಲ, ಮೀನುಬಲೆಯ ನೈಲಾನ್ ಹಗ್ಗ. ಅದಕ್ಕೆ ಕಾಲು ಸಿಕ್ಕಿಕೊಂಡು ಗೂಡಿನಲ್ಲೇ ಸಾಯುವ ಮರಿಗಳೂ ಇರುತ್ತವೆ. ಗೈಡ್ ಹೇಳಲಿ ಬಿಡಲಿ, ಕಣ್ಣಿಗೆ ಕಾಣುತ್ತದೆ.

ಬೇಟೆ ನೋಡಲು ಅದೃಷ್ಟ ಬೇಕು. ಮೀನಿನ ಹಿಂಡು ಮೇಲೆ ಬಂದರೆ 30 ಮೀಟರ್ ಎತ್ತರದಿಂದಲೂ ಗ್ಯಾನೆಟ್‌ಗಳು ಒಂದರ ಹಿಂದೊಂದು ಕಲ್ಲು ಬಿದ್ದಂತೆ ಬೀಳುತ್ತವೆ. ನೀರು ಮುಟ್ಟುವಾಗ ವೇಗ ಗಂಟೆಗೆ 100 ಕಿ.ಮೀ. ಹತ್ತಿರ. ಕೊಕ್ಕಿನ ಮೇಲೆ ಹೊರಗೆ ತೆರೆದ ಮೂಗಿನ ಹೊಳ್ಳೆಗಳಿಲ್ಲ, ಮುಖ ಮತ್ತು ಎದೆಯ ಚರ್ಮದ ಕೆಳಗೆ ಗಾಳಿಯ ಚೀಲಗಳಿವೆ, ಹಾಗಾಗಿ ಆ ಪೆಟ್ಟನ್ನು ತಡೆಯುತ್ತದೆ. ಇಂಥ ಹಿಂಡು ಕಂಡ ಕೂಡಲೇ ಎಂಜಿನ್ ನಿಲ್ಲಿಸಿ ಕಾಯುವ ದೋಣಿಯವನು ಸಿಕ್ಕರೆ ಕೊಟ್ಟ ದುಡ್ಡು ಬಂದ ಹಾಗೆ. ಎಲ್ಲರೂ ನಿಲ್ಲಿಸುವುದಿಲ್ಲ. ಇಕೋ ಟೂರ್ ಬಗ್ಗೆ ನಮ್ಮ ದೊಡ್ಡ ತಕರಾರೇ ಇದು: ದೋಣಿಯಿಂದ ದೋಣಿಗೆ ವ್ಯತ್ಯಾಸ ಬಹಳ. ಕೆಲವರು ಲಿಟ್ಲ್ ಸ್ಕೆಲ್ಲಿಗ್ ಬಳಿ ಇಪ್ಪತ್ತು ನಿಮಿಷ ತೇಲಲು ಬಿಡುತ್ತಾರೆ, ಬಂಡೆಯ ಬುಡದಲ್ಲಿ ಮಲಗಿದ ಬೂದು ಸೀಲ್‌ಗಳನ್ನೂ ತೋರಿಸುತ್ತಾರೆ. ಕೆಲವರು ಒಂದು ಬದಿಯಿಂದ ತೋರಿಸಿ ಮುಂದಕ್ಕೆ ಓಡಿಸುತ್ತಾರೆ. ಬುಕ್ ಮಾಡುವಾಗಲೇ ಮೂರು ಪ್ರಶ್ನೆ ಕೇಳಿ: ಲಿಟ್ಲ್ ಸ್ಕೆಲ್ಲಿಗ್ ಹತ್ತಿರ ಎಷ್ಟು ಹೊತ್ತು ನಿಲ್ಲಿಸುತ್ತೀರಿ, ಒಳಗೆ ಕೂರಲು ಕ್ಯಾಬಿನ್ ಇದೆಯೇ, ದೋಣಿಯಲ್ಲಿ ಶೌಚಾಲಯ ಇದೆಯೇ. ಮೊದಲನೆಯದಕ್ಕೆ ತಡವರಿಸಿದರೆ ಬೇರೆ ದೋಣಿ ನೋಡಿ.

ಈಗ ರದ್ದಾಗುವ ವಿಷಯ. ಬಂದರಿನಲ್ಲಿ ಬಿಸಿಲು, ಎಲೆ ಅಲುಗದ ಗಾಳಿ, ಆದರೂ 'ಇವತ್ತು ಇಳಿಸುವುದಿಲ್ಲ' ಎಂದು ಮೆಸೇಜ್. ಮೋಸ ಎಂದು ಸಿಟ್ಟಾಗುವವರನ್ನು ಅಲ್ಲಿ ದಿನವೂ ನೋಡಬಹುದು. ದೋಣಿ ಇಳಿಸುವುದು ಬಂಡೆಯ ಪೂರ್ವ ಬದಿಯ ಬ್ಲೈಂಡ್ ಮ್ಯಾನ್ಸ್ ಕೋವ್ ಎಂಬ ಕಿರಿದಾದ ಕೊರಕಲಿನಲ್ಲಿ. ಅಲ್ಲಿ ತೊಂದರೆ ಕೊಡುವುದು ಆ ದಿನದ ಗಾಳಿಗಿಂತ ಹೆಚ್ಚಾಗಿ, ಎಲ್ಲೋ ಸಾವಿರ ಕಿ.ಮೀ. ಆಚೆ ಎರಡು ದಿನದ ಹಿಂದೆ ಎದ್ದ ಬಿರುಗಾಳಿಯ ಉಬ್ಬಲೆ. ನಡುಗಡಲಿನಲ್ಲಿ ಅದು ಗೊತ್ತೇ ಆಗುವುದಿಲ್ಲ, ದೋಣಿ ಮೆಲ್ಲಗೆ ಏರಿ ಇಳಿಯುತ್ತದೆ ಅಷ್ಟೇ. ಕೊರಕಲಿನೊಳಗೆ ನುಗ್ಗಿದಾಗ ಮಾತ್ರ ಅದೇ ನೀರು ಮೆಟ್ಟಿಲ ಮೇಲೆ ಆಳುದ್ದ ಏರಿಳಿಯುತ್ತದೆ. ಕಡಲ ಮುನ್ಸೂಚನೆ ನೋಡುವಾಗ ಅಲೆಯ ಎತ್ತರದ ಜೊತೆ ಎರಡು ಅಲೆಗಳ ನಡುವಿನ ಸೆಕೆಂಡುಗಳನ್ನೂ ನೋಡಿ. ಒಂದೂವರೆ ಮೀಟರ್, 7 ಸೆಕೆಂಡು ಎಂದಿದ್ದರೆ ಮೈ ಕುಲುಕುತ್ತದೆ, ಆದರೆ ಇಳಿಯಲು ಆದೀತು. ಎರಡು ಮೀಟರ್, 13 ಸೆಕೆಂಡು ಎಂದಿದ್ದರೆ ಆಸೆ ಬಿಡುವುದು ಲೇಸು. ಅದೇ ದಿನ ಇಕೋ ಟೂರ್ ಹೋಗಬಹುದು, ಏಕೆಂದರೆ ಅದಕ್ಕೆ ಕೊರಕಲಿನೊಳಗೆ ಹೋಗುವ ಕೆಲಸವೇ ಇಲ್ಲ. ಸುತ್ತುವ ಟಿಕೆಟ್ಟಿನ ಪರ ನಮ್ಮ ವಾದದಲ್ಲಿ ಮುಖ್ಯವಾದದ್ದು ಇದೇ.

ಮುರುಡೇಶ್ವರದಿಂದ ನೇತ್ರಾಣಿಗೆ ಹೋಗಿಬಂದವರು ಅದೇ ಲೆಕ್ಕ ಹಾಕುವುದುಂಟು. ನೇತ್ರಾಣಿ ಇದಕ್ಕಿಂತಲೂ ದೂರ, ನಿಜ. ಆದರೆ ಅಲ್ಲಿ ಮಳೆಗಾಲ ಕಳೆದು ಕಡಲು ತಣ್ಣಗಾದ ಮೇಲೆ ದೋಣಿ ಬಿಡುತ್ತಾರೆ. ಇಲ್ಲಿ ಸೀಸನ್ ಎಂದರೆ 'ಉಳಿದ ತಿಂಗಳುಗಳಿಗಿಂತ ವಾಸಿ' ಎಂದಷ್ಟೇ ಅರ್ಥ. ಜುಲೈ ನಡುವೆಯೂ ಸತತ ಐದಾರು ದಿನ ಒಂದು ದೋಣಿಯೂ ಇಳಿಸದೇ ಇರಬಹುದು. ಹವಾಮಾನದಿಂದ ರದ್ದಾದರೆ ದೋಣಿಯ ಹಣ ವಾಪಸ್ ಬರುತ್ತದೆ ಅಥವಾ ಬೇರೆ ದಿನ ಕೊಡುತ್ತಾರೆ, ಆದರೆ ಆ ಬೇರೆ ದಿನ ಸೀಟು ಖಾಲಿ ಇರಬೇಕಲ್ಲ! ಹೋಟೆಲಿನ ಹಣ ಹೋದದ್ದೇ. ಆದ್ದರಿಂದ ಮೊದಲ ದಿನಕ್ಕೆ ಲ್ಯಾಂಡಿಂಗ್ ಬುಕ್ ಮಾಡಿ, ಮರುದಿನಕ್ಕೆ ಇಕೋ ಟೂರ್ ಇಟ್ಟುಕೊಳ್ಳಿ, ಮೂರನೇ ದಿನ ಖಾಲಿ ಇರಲಿ.

ಇಳಿಯುವುದೇ ಒಂದು ಕಲೆ. ಕಟ್ಟೆಗೆ ದೋಣಿಯನ್ನು ಕಟ್ಟುವುದಿಲ್ಲ. ಎಂಜಿನ್ ಬಲದಲ್ಲಿ ಮೆಟ್ಟಿಲಿಗೆ ಒತ್ತಿ ಹಿಡಿದಿರುತ್ತಾರೆ. ಅಲೆಗೆ ದೋಣಿ ಮೇಲೆ ಕೆಳಗೆ ಆಡುತ್ತಿರುತ್ತದೆ. ಕಾಲಿಡಬೇಕಾದದ್ದು ದೋಣಿ ಪೂರ್ತಿ ಮೇಲೆ ಬಂದು ಒಂದು ಕ್ಷಣ ನಿಂತಾಗ. ಇಳಿಯುತ್ತಿರುವಾಗ ಕಾಲಿಟ್ಟರೆ ಕೆಳಗಿನ ನೆಲ ಜಾರಿಹೋಗಿ ಒಂದು ಕಾಲು ಮೆಟ್ಟಿಲ ಮೇಲೆ, ಇನ್ನೊಂದು ಗಾಳಿಯಲ್ಲಿ. ದೋಣಿ ಮತ್ತೆ ಏರುವಾಗ ಕಾಲು ನಡುವೆ ಸಿಕ್ಕೀತು. ದೋಣಿಯವನು ಹೇಳುವವರೆಗೆ ಕದಲಬೇಡಿ, ಹೇಳಿದ ಮೇಲೆ ಯೋಚಿಸುತ್ತ ನಿಲ್ಲಬೇಡಿ. ಕ್ಯಾಮೆರಾ, ಮೊಬೈಲು, ನೀರಿನ ಬಾಟಲಿ ಎಲ್ಲ ಬೆನ್ನ ಚೀಲದೊಳಗೆ. ಎರಡೂ ಕೈ ಖಾಲಿ ಇರಬೇಕು. ಕೆಳಗಿನ ಮೆಟ್ಟಿಲುಗಳಿಗೆ ಪಾಚಿ ಕಟ್ಟಿರುತ್ತದೆ, ಅಂಗಾಲು ಸವೆದ ಸ್ಪೋರ್ಟ್ಸ್ ಶೂ ಅಲ್ಲಿ ಎಣ್ಣೆ ಹಚ್ಚಿದ ಹಾಗೆ. ಕಾಲ ಗಂಟು ಹಿಡಿಯುವ ಟ್ರೆಕ್ಕಿಂಗ್ ಶೂ ಹಾಕಿಕೊಳ್ಳಿ.

ಕಟ್ಟೆಯಿಂದ ದೀಪಸ್ತಂಭದವರು ಮಾಡಿದ ಹಳೆಯ ದಾರಿಯಲ್ಲಿ ಸ್ವಲ್ಪ ನಡೆದರೆ ಗೈಡ್ ನಿಲ್ಲಿಸಿ ಹತ್ತು ನಿಮಿಷ ಎಚ್ಚರಿಕೆ ಹೇಳುತ್ತಾರೆ. ಕಿವಿಗೊಟ್ಟು ಕೇಳಿ. ಇಲ್ಲಿಂದ ಮಠಕ್ಕೆ 618 ಮೆಟ್ಟಿಲು. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿದವರಿಗೆ ಇದು ಯಾವ ಲೆಕ್ಕ ಎನಿಸಬಹುದು. ಲೆಕ್ಕ ಬೇರೆಯೇ. ಸಾವಿರ ವರ್ಷಕ್ಕೂ ಹಿಂದೆ ಸನ್ಯಾಸಿಗಳು ಹಾಸಿದ ಚಪ್ಪಡಿಗಳಿವು. ಒಂದು ಗೇಣೆತ್ತರ, ಇನ್ನೊಂದು ಮೊಣಕಾಲೆತ್ತರ, ಕೆಲವು ಹೊರಗೆ ಇಳಿಜಾರು. ಬಹುಪಾಲು ಕಡೆ ಕಂಬಿ ಇಲ್ಲ, ಸರಪಳಿ ಇಲ್ಲ, ಮಂಟಪ ಇಲ್ಲ. ಪಕ್ಕದಲ್ಲಿ ನೇರ ಕಡಲು. 2009ರಲ್ಲಿ ಬೇರೆ ಬೇರೆ ದಿನ ಇಬ್ಬರು ಪ್ರವಾಸಿಗರು ಇಲ್ಲಿಂದ ಬಿದ್ದು ಸತ್ತರು. ಹತ್ತುವುದಕ್ಕಿಂತ ಇಳಿಯುವುದು ಕಷ್ಟ, ಏಕೆಂದರೆ ಹತ್ತುವಾಗ ಕಣ್ಣೆದುರು ಕಲ್ಲಿರುತ್ತದೆ, ಇಳಿಯುವಾಗ ಬರೀ ನೀರು. ಎತ್ತರದ ಭಯ ಇರುವವರು ಇದನ್ನು ಪರೀಕ್ಷಿಸಿಕೊಳ್ಳುವ ಜಾಗ ಇದಲ್ಲ. ಅರ್ಧ ದಾರಿಯಲ್ಲಿ ಎರಡು ಶಿಖರಗಳ ನಡುವೆ ಕ್ರೈಸ್ಟ್ಸ್ ಸ್ಯಾಡಲ್ ಎಂಬ ತಗ್ಗು ಬರುತ್ತದೆ, ಕೂತು ಸುಧಾರಿಸಿಕೊಳ್ಳಲು ಸಮತಟ್ಟಾದ ಜಾಗ ಅದೊಂದೇ. ಕಾಲು ನಡುಗಿದರೆ ಅಲ್ಲಿಂದಲೇ ವಾಪಸಾಗಿ. ಪಫಿನ್‌ಗಳು ಅಲ್ಲಿಯವರೆಗೂ ಧಾರಾಳ ಸಿಕ್ಕಿರುತ್ತವೆ, ಹಕ್ಕಿಯ ಲೆಕ್ಕದಲ್ಲಿ ನಷ್ಟವೇನಿಲ್ಲ.

ಲ್ಯಾಂಡಿಂಗ್ ಟಿಕೆಟ್ಟಿಗೆ ಬೆಲೆ ಬರುವುದು ಪಫಿನ್‌ನಿಂದ. ಫೋಟೋದಲ್ಲಿ ಬಾತುಕೋಳಿಯಷ್ಟು ದೊಡ್ಡದು ಕಂಡರೂ ನಿಜದಲ್ಲಿ ಪಾರಿವಾಳಕ್ಕಿಂತ ತುಸು ಕುಳ್ಳು, 400 ಗ್ರಾಂ ಆಸುಪಾಸು. ಬಿಲ ತೋಡಿ ಗೂಡು ಮಾಡುವ ಹಕ್ಕಿ ಇದು. ಮೆಟ್ಟಿಲ ಪಕ್ಕದ ಹಸಿರು ಮೆತ್ತೆಯಲ್ಲಿ ಬಿಳಿ, ಗುಲಾಬಿ ಹೂಗಳ ನಡುವೆ ಕಾಣುವ ತೂತುಗಳೆಲ್ಲ ಇದರವೇ, ಕೆಲವು ಮೊಲಗಳವು. ಬಾಯಿಗೆ ಅಡ್ಡಲಾಗಿ ಮೀನು ಕಚ್ಚಿಕೊಂಡು ಬಂದು, ಬಿಲದ ಬಾಯಲ್ಲಿ ಒಂದು ಕ್ಷಣ ನಿಂತು, ಮೇಲೆ ಒಮ್ಮೆ ನೋಡಿ ಒಳಗೆ ನುಗ್ಗುತ್ತದೆ. ಆ ನೋಟ ನಿಮಗಲ್ಲ, ಮೇಲೆ ಸುತ್ತುವ ದೊಡ್ಡ ಕಡಲಕಾಗೆಗಳಿಗೆ. ಅವು ಪಫಿನ್ನನ್ನೇ ಹಿಡಿದು ತಿನ್ನುತ್ತವೆ. ಮೀನು ಹಿಡಿದ ಪಫಿನ್ ಸುಮ್ಮನೆ ನಿಂತಿದೆ, ಬಿಲಕ್ಕೆ ಹೋಗುತ್ತಿಲ್ಲ ಎಂದರೆ ಅದರ ದಾರಿಗೆ ನೀವು ಅಡ್ಡ ನಿಂತಿದ್ದೀರಿ. ನಾಲ್ಕು ಹೆಜ್ಜೆ ಸರಿಯಿರಿ. ಮೆಟ್ಟಿಲು ಬಿಟ್ಟು ಹುಲ್ಲಿನ ಮೇಲೆ ಕಾಲಿಟ್ಟರೆ ಬಿಲದ ಸೂರು ಕುಸಿದು ಒಳಗಿನ ಒಂಟಿ ಮರಿ ಹೂತುಹೋಗುತ್ತದೆ, ನಿಮ್ಮ ಕಾಲೂ ಉಳುಕುತ್ತದೆ.

ತಿಂಗಳು ತಪ್ಪಿದರೆ ಇದೆಲ್ಲ ಇಲ್ಲ. ಮೇ ಕೊನೆಯಲ್ಲಿ ಜೋಡಿಯಲ್ಲಿ ಒಂದು ಸದಾ ಬಿಲದೊಳಗೆ ಕಾವು ಕೂತಿರುತ್ತದೆ, ಹೊರಗೆ ಕಾಣುವುದು ಕಡಿಮೆ. ಜೂನ್ ಮಧ್ಯದಿಂದ ಜುಲೈ ಮೂರನೇ ವಾರದವರೆಗೆ ಮರಿಗೆ ಮೀನು ತರುವ ಓಡಾಟ, ಅದೇ ಸುಗ್ಗಿ. ಆಗಸ್ಟ್ ಮೊದಲ ವಾರ ದಾಟಿದರೆ ಒಂದೂ ಇರುವುದಿಲ್ಲ. ಎಲ್ಲ ನಡುಗಡಲಿಗೆ ಹೋಗಿಬಿಡುತ್ತವೆ, ಕೊಕ್ಕಿನ ಆ ಬಣ್ಣದ ಚಿಪ್ಪನ್ನೂ ಕಳಚಿ ಹಾಕುತ್ತವೆ. ಸೆಪ್ಟೆಂಬರ್ ಟಿಕೆಟ್ಟಿನ ಜಾಹೀರಾತಿಗೂ ಪಫಿನ್ ಚಿತ್ರವನ್ನೇ ಹಾಕುವವರಿದ್ದಾರೆ, ಅದು ಸರಿಯಲ್ಲ. ಗಿಲಿಮಾಟ್, ರೇಜರ್‌ಬಿಲ್ ಹಕ್ಕಿಗಳೂ ಜುಲೈ ಮುಗಿಯುವಷ್ಟರಲ್ಲಿ ಬಂಡೆ ಬಿಟ್ಟಿರುತ್ತವೆ. ಗ್ಯಾನೆಟ್ ಮಾತ್ರ ಫೆಬ್ರವರಿಯಿಂದ ಅಕ್ಟೋಬರ್‌ವರೆಗೂ ಇರುತ್ತದೆ. ಆಗಸ್ಟ್ ಕೊನೆ, ಸೆಪ್ಟೆಂಬರ್‌ನಲ್ಲಿ ಹೋಗುವವರು ಇಕೋ ಟೂರ್‌ಗೇ ಹೋಗಿ: ಅಪ್ಪ ಅಮ್ಮನಿಗಿಂತ ಭಾರವಾದ ಕಪ್ಪು ಮರಿಗಳು ಬಂಡೆಯಿಂದ ಮೊದಲ ಸಲ ಜಿಗಿದು, ಮೇಲೇಳಲಾರದೆ ನೀರಿನಲ್ಲಿ ತೇಲುತ್ತಿರುತ್ತವೆ. ಕೊಬ್ಬು ಕರಗುವವರೆಗೆ ಅವಕ್ಕೆ ಹಾರಲಾಗದು.

ಎರಡು ಟಿಕೆಟ್ಟಿಗೂ ಸಿಗದ ಹಕ್ಕಿಯೂ ಒಂದಿದೆ. ಸ್ಟಾರ್ಮ್ ಪೆಟ್ರೆಲ್, ತೂಕದಲ್ಲಿ ಗುಬ್ಬಚ್ಚಿಯಷ್ಟೇ, 25 ಗ್ರಾಂ. ಚಳಿಗಾಲವನ್ನು ಆಫ್ರಿಕಾದ ದಕ್ಷಿಣದ ಕಡಲಿನಲ್ಲಿ ಕಳೆದು ಬಂದು, ಇಲ್ಲಿ ಮಠದ ಗಾರೆಯಿಲ್ಲದ ಗೋಡೆಗಳ ಸಂದುಗಳಲ್ಲಿ ಸಾವಿರಾರು ಸಂಖ್ಯೆಯಲ್ಲಿ ಗೂಡು ಮಾಡುತ್ತದೆ. ಹೋಗಿಬರುವುದೆಲ್ಲ ಕತ್ತಲಲ್ಲಿ, ಹಗಲಲ್ಲಿ ಹೊರಬಂದರೆ ಕಡಲಕಾಗೆ ಬಿಡುವುದಿಲ್ಲ. ಕೊನೆಯ ದೋಣಿ ಮಧ್ಯಾಹ್ನಕ್ಕೇ ಹೊರಡುವುದರಿಂದ ಪ್ರವಾಸಿಗರಿಗೆ ಅದರ ದರ್ಶನವಿಲ್ಲ. ಗೋಡೆಗೆ ಒರಗಬೇಡಿ, ಅದರ ಮೇಲೆ ಕೂರಬೇಡಿ ಎಂದು ಗೈಡ್‌ಗಳು ಗದರುವುದಕ್ಕೆ ಪುರಾತತ್ವ ಒಂದು ಕಾರಣ, ಒಳಗಿರುವ ಈ ಹಕ್ಕಿ ಇನ್ನೊಂದು. ಕಲ್ಲಿನ ಸಂದಿಗೆ ಮೂಗು ತಂದರೆ ಕಸ್ತೂರಿಯಂಥ, ಹಳೆ ಎಣ್ಣೆಯಂಥ ಒಂದು ವಾಸನೆ ಬರುತ್ತದೆ. ಅದೇ ಅದರ ಗುರುತು. ಮ್ಯಾಂಕ್ಸ್ ಶಿಯರ್‌ವಾಟರ್ ಕೂಡ ಬಂಡೆಗೆ ಬರುವುದು ರಾತ್ರಿಯೇ, ಆದರೆ ಅದನ್ನು ದೋಣಿಯಿಂದ ನೋಡಬಹುದು: ಅಲೆಗೆ ರೆಕ್ಕೆತುದಿ ತಾಗುತ್ತದೋ ಎಂಬಂತೆ ವಾಲುತ್ತ, ಒಮ್ಮೆ ಕಪ್ಪು ಒಮ್ಮೆ ಬಿಳಿಯಾಗಿ ಕಾಣುವ ಹಕ್ಕಿ. ಇದಕ್ಕಾಗಿ ಸಂಜೆಯ ಇಕೋ ಟೂರ್ ಇಟ್ಟಿರುವ ದೋಣಿ ಸಿಕ್ಕರೆ ಅದನ್ನೇ ಹಿಡಿಯಿರಿ.

ವಾಂತಿಯ ಮಾತು ಬಿಡುವಂತಿಲ್ಲ. ಪೋರ್ಟ್‌ಮ್ಯಾಗಿ ಕಾಲುವೆಯಂಥ ಕೊಲ್ಲಿಯಲ್ಲಿರುವುದರಿಂದ ಮೊದಲ ಹತ್ತು ಹದಿನೈದು ನಿಮಿಷ ಕೊಳದ ಮೇಲೆ ಹೋದ ಹಾಗಿರುತ್ತದೆ. ಕೊಲ್ಲಿಯ ಬಾಯಿ ದಾಟಿದ ಕೂಡಲೇ ಕುಲುಕಾಟ ಶುರು. ಹೋಗುವಾಗ ಸಾಮಾನ್ಯವಾಗಿ ಗಾಳಿಗೆ ಎದುರು, ಹಾಗಾಗಿ ಹೊಡೆತ ಹೆಚ್ಚು, ಉಪ್ಪುನೀರು ಮುಖಕ್ಕೆ ಎರಚುತ್ತದೆ. ಮೂತಿಯ ಕಡೆ ಕೂರಬೇಡಿ, ಅಲ್ಲಿ ಏರಿಳಿತ ಜಾಸ್ತಿ. ಪೂರ್ತಿ ಹಿಂದೆ ಕೂತರೆ ಡೀಸೆಲ್ ಹೊಗೆ. ನಡುವಿನಿಂದ ಸ್ವಲ್ಪ ಹಿಂದೆ ಸರಿಯಾದ ಜಾಗ. ಕಣ್ಣು ದಿಗಂತದ ಮೇಲಿರಲಿ, ಮೊಬೈಲಿನ ಮೇಲಲ್ಲ. ಊರಿಂದ ತಂದ ಅವೊಮಿನ್ ಮಾತ್ರೆ ಕೆಲಸ ಮಾಡುತ್ತದೆ, ಆದರೆ ಒಂದೆರಡು ತಾಸು ಮೊದಲೇ ನುಂಗಿರಬೇಕು. ಹೊಟ್ಟೆ ತೊಳಸಲು ಶುರುವಾದ ಮೇಲೆ ನುಂಗಿದ್ದು ಹೊರಗೇ ಬರುತ್ತದೆ. ಅದರ ಇನ್ನೊಂದು ಗುಣ ನಿದ್ದೆ. ಇಕೋ ಟೂರ್‌ನಲ್ಲಿ ಆಕಳಿಸುತ್ತ ಕೂರಬಹುದು. ಕಂಬಿಯಿಲ್ಲದ 618 ಮೆಟ್ಟಿಲಿಗೆ ತೂಕಡಿಕೆ ಒಳ್ಳೆಯದಲ್ಲ. ಲ್ಯಾಂಡಿಂಗ್ ಮಾಡುವವರು ಮೊದಲೇ ಮನೆಯಲ್ಲಿ ಒಂದು ದಿನ ಮಾತ್ರೆ ನುಂಗಿ ಮೈ ಹೇಗೆ ತಡೆಯುತ್ತದೆ ನೋಡಿಕೊಳ್ಳಿ, ಬೇರೆ ಔಷಧಿ ನಡೆಯುತ್ತಿದ್ದರೆ ವೈದ್ಯರನ್ನು ಕೇಳಿ. ಬೆಳಿಗ್ಗೆ ಏನೂ ತಿನ್ನದೆ ಹೋಗುವುದೂ ತಪ್ಪು. ಖಾಲಿ ಹೊಟ್ಟೆ ಬೇಗ ತೊಳಸುತ್ತದೆ. ಒಣ ಬ್ರೆಡ್ಡು, ಬಾಳೆಹಣ್ಣು ಸಾಕು. ಕಾಫಿ ವಾಪಸ್ ಬಂದ ಮೇಲೆ.

ದ್ವೀಪದ ಮೇಲೆ ಪ್ರವಾಸಿಗರಿಗೆ ಶೌಚಾಲಯವಿಲ್ಲ, ನೀರಿಲ್ಲ, ಅಂಗಡಿಯಿಲ್ಲ, ಮಳೆ ಬಂದರೆ ನಿಲ್ಲಲು ಸೂರಿಲ್ಲ. ಕೊಡೆ ತಂದವರನ್ನು ನೋಡಿದರೆ ಗಾಳಿಗೇ ನಗು ಬರುತ್ತದೆ. ಮೇಲೆ ಕೆಳಗೆ ಎರಡೂ ನೀರಿಳಿಯದ ಬಟ್ಟೆ, ಒಳಗೆ ಸ್ವೆಟರ್, ಜುಲೈ ಆದರೂ ಉಣ್ಣೆ ಟೋಪಿ. ತಲೆಗೆ ಒಂದು ಲೀಟರ್ ನೀರು. ತಿಂಡಿಗೆ ಚಪಾತಿ ಸುರುಳಿ ಉತ್ತಮ, ಒಂದೇ ಕೈಯಲ್ಲಿ ತಿನ್ನಬಹುದು. ಚಿತ್ರಾನ್ನ ತಂದರೆ ಗಾಳಿಗೆ ಅಗುಳು ಹಾರಿ ಕಡಲಕಾಗೆಗೆ ಊಟ. ಕಸವೆಲ್ಲ ಮರಳಿ ಚೀಲಕ್ಕೆ.

ಕ್ಯಾಮೆರಾ ಹೊರುವವರಿಗೆ ಒಂದು ಮಾತು. ಪಫಿನ್ ಎಷ್ಟು ಹತ್ತಿರ ಬರುತ್ತದೆಂದರೆ ಮೊಬೈಲೇ ಸಾಕಾಗುತ್ತದೆ. 70-200 ಲೆನ್ಸ್ ಇದ್ದರೆ ಬೇರೇನೂ ಬೇಡ. ಹಾರುವ ಪಫಿನ್‌ಗೆ ಶಟರ್ 1/2000ಕ್ಕಿಂತ ಕೆಳಗಿಳಿಸಬೇಡಿ, ಅದು ನಿಮಿಷಕ್ಕೆ 400 ಸಲದವರೆಗೆ ರೆಕ್ಕೆ ಬಡಿಯುವ ಹಕ್ಕಿ. ದೋಣಿಯಲ್ಲಿ 400 ಎಂ.ಎಂ. ಮೇಲಿನ ಲೆನ್ಸ್ ಬರೀ ಹೊರೆ, ಆ ಕುಲುಕಾಟದಲ್ಲಿ ಚೌಕಟ್ಟಿನೊಳಗೆ ಹಕ್ಕಿ ನಿಲ್ಲುವುದೇ ಇಲ್ಲ. ದುರ್ಬೀನೂ ಹಾಗೆ, 8x42 ಸರಿ, 10 ಪಟ್ಟಿನದು ನಡುಗುತ್ತದೆ. ಗಾಜಿನ ಮೇಲೆ ಬಿದ್ದ ಉಪ್ಪುನೀರನ್ನು ಒಣಬಟ್ಟೆಯಲ್ಲಿ ಉಜ್ಜಬೇಡಿ, ಉಪ್ಪಿನ ಹರಳು ಗೀರುತ್ತದೆ. ಕುಡಿಯುವ ನೀರಲ್ಲಿ ಬಟ್ಟೆ ಅದ್ದಿ ಒರೆಸಿ. ಡ್ರೋನ್ ಮನೆಯಲ್ಲೇ ಇರಲಿ.

ಬೇಸಿಗೆಯಲ್ಲಿ ಊರಿಂದ ಅಪ್ಪ ಅಮ್ಮ ಬಂದಾಗ ಕರೆದುಕೊಂಡು ಹೋಗಬಹುದೇ ಎಂಬುದು ಡಬ್ಲಿನ್, ಕಾರ್ಕ್ ಕಡೆಯ ಕನ್ನಡಿಗರು ಕೇಳುವ ಮಾಮೂಲಿ ಪ್ರಶ್ನೆ. ಇಕೋ ಟೂರ್‌ಗೆ ಧಾರಾಳವಾಗಿ, ಕ್ಯಾಬಿನ್ ಇರುವ ದೋಣಿ ನೋಡಿ. ಮೊಣಕಾಲು ನೋವಿರುವವರಿಗೆ ಲ್ಯಾಂಡಿಂಗ್ ಬೇಡವೇ ಬೇಡ. ಇಳಿದು ಕೆಳಗೇ ಕೂತಿರುತ್ತೇವೆ ಎನ್ನಲು ಅಲ್ಲಿ ಜಾಗವೂ ಇಲ್ಲ. ಸೀರೆಯಲ್ಲಿ ದೋಣಿ ಹತ್ತಬೇಡಿ ಎಂದು ಅಮ್ಮನಿಗೆ ಮೊದಲೇ ಹೇಳಿ, ಲೈಫ್ ಜಾಕೆಟ್ ಕಟ್ಟಲು ಆಗುವುದಿಲ್ಲ. 12 ವರ್ಷದ ಕೆಳಗಿನ ಮಕ್ಕಳನ್ನು ಇಳಿಯುವ ದೋಣಿಗಳು ಬಹುತೇಕ ಹತ್ತಿಸಿಕೊಳ್ಳುವುದಿಲ್ಲ. ಬ್ರಿಟನ್ ವೀಸಾದ ಮೇಲೆ ಬಂದವರು ಅದರಲ್ಲಿ 'ಬಿಐವಿಎಸ್' (ಬ್ರಿಟಿಷ್-ಐರಿಷ್ ವೀಸಾ ಯೋಜನೆ) ಎಂಬ ಅಕ್ಷರಗಳಿದ್ದರೆ ಐರ್ಲೆಂಡಿಗೆ ಬೇರೆ ವೀಸಾ ಇಲ್ಲದೆ ಬರಬಹುದು, ಆದರೆ ಮೊದಲು ಬ್ರಿಟನ್‌ಗೆ ಕಾಲಿಟ್ಟಿರಬೇಕು.

ಡಬ್ಲಿನ್‌ನಿಂದ ಪೋರ್ಟ್‌ಮ್ಯಾಗಿಗೆ ಕಾರಿನಲ್ಲಿ ಐದು ತಾಸು, ಕಿಲಾರ್ನಿಯಿಂದ ಒಂದೂವರೆ. ಬಸ್ಸನ್ನು ನಂಬಿ ಬೆಳಗಿನ ದೋಣಿ ಹಿಡಿಯಲಾಗದು. ಹಿಂದಿನ ರಾತ್ರಿ ಅಲ್ಲೇ ತಂಗಿ, ಏಕೆಂದರೆ ಹೋಗುತ್ತದೋ ಇಲ್ಲವೋ ಎಂಬ ಕೊನೆಯ ಮಾತು ಬೆಳಿಗ್ಗೆಯೇ ಬರುವುದುಂಟು. ಊರು ಒಂದೇ ಬೀದಿ, ಹೋಟೆಲುಗಳಲ್ಲಿ ಮೀನೇ ಪ್ರಧಾನ. ಸಸ್ಯಾಹಾರಿಗಳಿಗೆ ಸೂಪು, ಬ್ರೆಡ್ಡು, ಆಲೂಗಡ್ಡೆ ಚಿಪ್ಸು.

ದೋಣಿ ರದ್ದಾದ ದಿನ ಕೋಣೆಯಲ್ಲಿ ಕೂರುವ ಅಗತ್ಯವಿಲ್ಲ. ಎದುರಿನ ಸೇತುವೆ ದಾಟಿದರೆ ವ್ಯಾಲೆನ್ಶಿಯಾ ದ್ವೀಪ. ಸೇತುವೆಯ ಪಕ್ಕದಲ್ಲೇ ಸ್ಕೆಲ್ಲಿಗ್ ಎಕ್ಸ್‌ಪೀರಿಯೆನ್ಸ್ ಎಂಬ ಪ್ರದರ್ಶನ ಕೇಂದ್ರವಿದೆ, ಒಂದು ತಾಸಿಗೆ ಸಾಕು. ಅದಕ್ಕಿಂತ ಬ್ರೇ ಹೆಡ್ ತುದಿಯವರೆಗೆ ನಡೆದು ಹೋಗಿ. ಹಾಳುಬಿದ್ದ ಕಾವಲು ಗೋಪುರದ ಬಳಿ ಗಾಳಿಗೆ ಬೆನ್ನು ಕೊಟ್ಟು ಕೂತು ನೈಋತ್ಯಕ್ಕೆ ನೋಡಿದರೆ ಎರಡೂ ಬಂಡೆ ಕಾಣುತ್ತವೆ. ದುರ್ಬೀನು ಹಚ್ಚಿ, ಚಿಕ್ಕ ಬಂಡೆಯ ಕಡೆ ನೀರಿಗೆ ಸಮನಾಗಿ ಸಾಲುಕಟ್ಟಿ ಹೋಗುವ ಬಿಳಿ ಚುಕ್ಕೆಗಳನ್ನು ಹಿಂಬಾಲಿಸಿ. ಅವು ಗ್ಯಾನೆಟ್‌ಗಳು, ದೋಣಿ ನಿಂತ ದಿನವೂ ಕೆಲಸಕ್ಕೆ ಹೋದವು. ದಾರಿಯಲ್ಲೋ ಕಡಲದಡದಲ್ಲೋ ಸತ್ತ ಹಕ್ಕಿ ಕಂಡರೆ ಮುಟ್ಟಬೇಡಿ, ಮಕ್ಕಳನ್ನೂ ಬಿಡಬೇಡಿ. 2022ರ ಹಕ್ಕಿಜ್ವರದಲ್ಲಿ ಐರ್ಲೆಂಡಿನ ತೀರಕ್ಕೆ ತೇಲಿಬಂದ ಸತ್ತ ಹಕ್ಕಿಗಳಲ್ಲಿ ಗ್ಯಾನೆಟ್‌ಗಳು ಬಹಳ ಇದ್ದವು.